ಬೆನ್ನುನೀರಿನ ಸಾಕ್ಷ್ಯ: ಯಾದಗಿರಿ ಸೀಮೆಯಲ್ಲಿ ವೈರಲ್ ಮೆನಿಂಜೈಟಿಸ್

ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು ಕಾಯುವ ಪೊರೆಗಳಿಗೆ ವೈರಸ್ ಸೋಂಕಿ, ಅವು ಉರಿಯೂತಕ್ಕೆ ಒಳಗಾಗುವ ಸ್ಥಿತಿಯನ್ನು ವೈದ್ಯಶಾಸ್ತ್ರವು ವೈರಲ್ ಮೆನಿಂಜೈಟಿಸ್ ಎಂದು ಕರೆಯುತ್ತದೆ. ಮೆನಿಂಜೈಟಿಸ್ಸಿನ ಹಲವು ಬಗೆಗಳಲ್ಲಿ ಅತಿ ಸಾಮಾನ್ಯವಾದದ್ದು ಇದೇ. ತಕ್ಕಮಟ್ಟಿಗೆ ಆರೋಗ್ಯವಂತರಾದ ಮಕ್ಕಳಲ್ಲೂ ವಯಸ್ಕರಲ್ಲೂ ಇದು ಏಳರಿಂದ ಹತ್ತು ದಿನಗಳಲ್ಲಿ, ವಿಶೇಷ ಔಷಧದ ನೆರವಿಲ್ಲದೆ, ತಾನಾಗಿಯೇ ಇಳಿದುಹೋಗುವುದೇ ಹೆಚ್ಚು. ಆದರೆ ಮೊದಲ ದಿನ ಇದೇ ಜ್ವರ, ಇದೇ ತಲೆನೋವು, ಇದೇ ವಾಂತಿಯೊಂದಿಗೆ ಕಾಣಿಸಿಕೊಳ್ಳುವ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಗಂಟೆಗಳ ಅಂತರದಲ್ಲಿ ಪ್ರಾಣ ತೆಗೆಯಬಲ್ಲದು. ಕ್ಷಯರೋಗಾಣುವಿನ ಮೆನಿಂಜೈಟಿಸ್ ವಾರಗಟ್ಟಲೆ ಸದ್ದಿಲ್ಲದೆ ಬೆಳೆದು, ಬದುಕುಳಿದವರನ್ನೂ ಅಂಗವಿಕಲರನ್ನಾಗಿ ಮಾಡಬಲ್ಲದು. ಆದ್ದರಿಂದ ‘ಇದು ವೈರಸ್ಸಿನದು, ಹೆದರಬೇಕಿಲ್ಲ’ ಎಂಬ ಸಮಾಧಾನದ ಮಾತನ್ನು ಬೆನ್ನುನೀರಿನ ಪರೀಕ್ಷೆಯಾದ ಮೇಲಷ್ಟೇ ಆಡಬೇಕು. ಆ ಪರೀಕ್ಷೆಯವರೆಗೆ ರೋಗಿಯನ್ನು ತಲುಪಿಸುವುದೇ ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲಿ ಈ ರೋಗದ ಅತಿ ಕಠಿಣವಾದ ಭಾಗ.

ಅಂದಿನ ಗುಲಬರ್ಗಾ, ಇಂದಿನ ಕಲಬುರಗಿ ಜಿಲ್ಲೆಯಿಂದ ಈ ಮೂರು ತಾಲ್ಲೂಕುಗಳನ್ನು ಬೇರ್ಪಡಿಸಿ 2009ರ ಡಿಸೆಂಬರ್ ಕೊನೆಯಲ್ಲಿ ಯಾದಗಿರಿ ಜಿಲ್ಲೆಯನ್ನು ರಚಿಸಲಾಯಿತು. ಗುರುಮಠಕಲ್, ಹುಣಸಗಿ, ವಡಗೇರಾ ತಾಲ್ಲೂಕುಗಳು ಅನಂತರ ಇವುಗಳಿಂದಲೇ ಒಡೆದು ಬಂದವು. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ ಸುಮಾರು 11.74 ಲಕ್ಷ, ಸಾಕ್ಷರತೆ ಶೇ 52ಕ್ಕಿಂತ ತುಸು ಕಡಿಮೆ, ಅಂದರೆ ಇಡೀ ರಾಜ್ಯದಲ್ಲೇ ಕೊನೆಯ ಸ್ಥಾನ. ಒಂದೆಡೆ ಭೀಮಾ, ಇನ್ನೊಂದೆಡೆ ಕೃಷ್ಣಾ ಹರಿಯುವ, ತೊಗರಿ ಮತ್ತು ಹತ್ತಿಯ ಕಪ್ಪುನೆಲದ ನಡುವೆ ಕಾಲುವೆ ನೀರಿನ ಭತ್ತದ ಗದ್ದೆಗಳು ಹಬ್ಬಿರುವ, ಬೇಸಿಗೆ ಬಂದರೆ ತಾಂಡಾಗಳೂ ಹಳ್ಳಿಗಳೂ ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದುಗಳಿಗೆ ಗುಳೆ ಹೋಗಿ ಅರ್ಧ ಬರಿದಾಗುವ ಸೀಮೆ ಇದು. ಇಲ್ಲಿ ಜ್ವರದೊಂದಿಗೆ ಪ್ರಜ್ಞೆ ಮಸುಕಾದ ಯಾವ ಕಾಯಿಲೆಯನ್ನಾದರೂ ಜನ ‘ಮಿದುಳು ಜ್ವರ’ ಎನ್ನುತ್ತಾರೆ, ಇಲ್ಲವೆ ಜ್ವರ ನೆತ್ತಿಗೇರಿತು ಎನ್ನುತ್ತಾರೆ. ಆ ಒಂದೇ ಹೆಸರಿನಡಿ ವೈರಸ್, ಬ್ಯಾಕ್ಟೀರಿಯಾ, ಕ್ಷಯ, ಮಿದುಳಿಗೇರಿದ ಮಲೇರಿಯಾ, ಬಿಸಿಲಾಘಾತ ಎಲ್ಲವೂ ಸೇರಿಕೊಂಡಿರುವುದರಿಂದ ಅವುಗಳನ್ನು ಬಿಡಿಸಿ ನೋಡುವುದು ಮೊದಲ ಕೆಲಸವಾಗುತ್ತದೆ.

ತಲೆಬುರುಡೆಯ ಒಳಮೈಗೆ ಅಂಟಿಕೊಂಡಿರುವ ಗಡಸು ಪೊರೆ, ಅದರ ಕೆಳಗೆ ಜೇಡರ ಬಲೆಯಂತೆ ಎಳೆಎಳೆಯಾಗಿರುವ ನಡುಪೊರೆ, ಮಿದುಳಿನ ಮಡಿಕೆಮಡಿಕೆಗೂ ಇಳಿದು ಅಂಟಿರುವ ಮೃದು ಪೊರೆ, ಹೀಗೆ ಈ ಹೊದಿಕೆಗೆ ಮೂರು ಪದರಗಳು. ಕೊನೆಯ ಎರಡು ಪದರಗಳ ನಡುವಿನ ಜಾಗದಲ್ಲಿ ತಿಳಿನೀರಿನಂಥ ದ್ರವವೊಂದು ಸದಾ ಹರಿದಾಡುತ್ತಿರುತ್ತದೆ. ವಯಸ್ಕರಲ್ಲಿ ಅದರ ಒಟ್ಟು ಪ್ರಮಾಣ ಸುಮಾರು 150 ಮಿಲಿಲೀಟರ್, ಆದರೆ ದೇಹವು ದಿನವೊಂದಕ್ಕೆ ಸುಮಾರು 500 ಮಿಲಿಲೀಟರ್‌ನಷ್ಟು ಹೊಸದಾಗಿ ತಯಾರಿಸಿ ಹಳೆಯದನ್ನು ರಕ್ತಕ್ಕೆ ಹೀರಿಕೊಳ್ಳುತ್ತದೆ. ಜನರು ಬೆನ್ನುನೀರು ಎನ್ನುವುದು ಇದನ್ನೇ. ಗಂಟಲು ಅಥವಾ ಕರುಳಿನಲ್ಲಿ ಮೊದಲು ನೆಲೆಯೂರಿದ ವೈರಸ್ ರಕ್ತದ ಮೂಲಕ ಈ ಜಾಗವನ್ನು ಮುಟ್ಟಿದಾಗ, ಅದನ್ನು ಎದುರಿಸಲು ಬಿಳಿ ರಕ್ತಕಣಗಳು ಧಾವಿಸಿ ಬರುತ್ತವೆ, ಪೊರೆಗಳು ಕೆರಳುತ್ತವೆ, ಒಳಗಿನ ಒತ್ತಡ ಏರುತ್ತದೆ. ತಲೆ ಸಿಡಿಯುವಂಥ ನೋವು, ಬೆಳಕನ್ನು ಸಹಿಸಲಾಗದ ಕಣ್ಣು, ವಾಂತಿ, ಗದ್ದವನ್ನು ಎದೆಗೆ ಮುಟ್ಟಿಸಲಾಗದಷ್ಟು ಸೆಟೆದ ಕತ್ತು ಇವೆಲ್ಲ ಆ ಕೆರಳುವಿಕೆಯ ಹೊರಗುರುತುಗಳು. ಹಸುಗೂಸುಗಳಲ್ಲಿ ಕತ್ತು ಸೆಟೆಯುವುದು ಕಾಣದೆಯೂ ಇರಬಹುದು; ಮೊಲೆ ಹಿಡಿಯದಿರುವುದು, ಎತ್ತಿಕೊಂಡಷ್ಟೂ ಹೆಚ್ಚಾಗುವ ಅಳು, ಎಬ್ಬಿಸಿದರೂ ಏಳದ ಮಂಪರು, ನೆತ್ತಿಯ ಮೆದುಭಾಗ ಉಬ್ಬಿರುವುದು ಅಲ್ಲಿ ಗಮನಿಸಬೇಕಾದ ಚಿಹ್ನೆಗಳಾಗಿವೆ.

ಸೋಂಕು ಪೊರೆಯಲ್ಲಿಯೇ ನಿಂತಿದೆಯೇ ಅಥವಾ ಮಿದುಳಿನ ಒಳಕ್ಕೂ ಇಳಿದಿದೆಯೇ ಎಂಬುದು ರೋಗದ ಭವಿಷ್ಯವನ್ನೇ ನಿರ್ಧರಿಸುವ ಪ್ರಶ್ನೆ. ಪೊರೆಯ ಉರಿಯೂತದಲ್ಲಿ ರೋಗಿ ಎಷ್ಟೇ ನರಳುತ್ತಿದ್ದರೂ ಮನೆಯವರನ್ನು ಗುರುತಿಸುತ್ತಾನೆ, ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸುತ್ತಾನೆ; ಮಿದುಳೇ ಉರಿಯೂತಕ್ಕೆ ಒಳಗಾದಾಗ, ಅಂದರೆ ಎನ್ಸೆಫಲೈಟಿಸ್‌ನಲ್ಲಿ, ಮಾತು ತಪ್ಪುತ್ತದೆ, ನಡವಳಿಕೆ ಬದಲಾಗುತ್ತದೆ, ಪಿಟ್ಸ್ ಬರುತ್ತದೆ, ಒಂದು ಪಾರ್ಶ್ವ ಬಲಗುಂದುತ್ತದೆ. ಮೊದಲನೆಯದರಲ್ಲಿ ಪೂರ್ಣ ಚೇತರಿಕೆ ವಾಡಿಕೆ, ಎರಡನೆಯದರಲ್ಲಿ ಅದು ಅದೃಷ್ಟ. ಒಂದೇ ವೈರಸ್ ಒಬ್ಬರಲ್ಲಿ ಮೊದಲನೆಯದನ್ನೂ ಇನ್ನೊಬ್ಬರಲ್ಲಿ ಎರಡನೆಯದನ್ನೂ ಉಂಟುಮಾಡುವುದುಂಟು, ಒಬ್ಬನೇ ರೋಗಿಯಲ್ಲಿ ಎರಡೂ ಬೆರೆತಿರುವುದೂ ಉಂಟು. ಹೀಗಾಗಿ ಈ ಗೆರೆ ಪುಸ್ತಕದಲ್ಲಿರುವಷ್ಟು ನೇರವಾಗಿ ಹಾಸಿಗೆಯ ಬಳಿ ಕಾಣುವುದಿಲ್ಲ.

ಜರ್ಮನಿಯ ವೈದ್ಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ಸೊಂಟದ ಬೆನ್ನೆಲುಬುಗಳ ಸಂದಿಯಲ್ಲಿ ಸೂಜಿ ಹಾಕಿ ಬೆನ್ನುನೀರನ್ನು ತೆಗೆಯುವ ವಿಧಾನವನ್ನು ರೂಢಿಗೆ ತಂದ ನಂತರವೇ ಮೆನಿಂಜೈಟಿಸ್ಸಿನ ಬಗೆಗಳನ್ನು ರೋಗಿ ಬದುಕಿರುವಾಗಲೇ ಬೇರ್ಪಡಿಸುವುದು ಸಾಧ್ಯವಾಯಿತು. ಸ್ವೀಡನ್ನಿನ ಮಕ್ಕಳ ವೈದ್ಯ ಆರ್ವಿಡ್ ವಾಲ್ಗ್ರೆನ್ 1925ರಲ್ಲಿ, ಬೆನ್ನುನೀರಿನಲ್ಲಿ ಕಣಗಳು ಹೆಚ್ಚಿದ್ದರೂ ಬ್ಯಾಕ್ಟೀರಿಯಾ ಬೆಳೆಯದ, ತಾನಾಗಿಯೇ ವಾಸಿಯಾಗುವ ಮೆನಿಂಜೈಟಿಸ್ಸನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು. ಅದರ ಹಿಂದಿರುವ ವೈರಸ್ಸುಗಳು ಆಗಿನ್ನೂ ಕೈಗೆ ಸಿಕ್ಕಿರಲಿಲ್ಲ. ಅಮೆರಿಕದ ಗಿಲ್ಬರ್ಟ್ ಡಾಲ್ಡಾರ್ಫ್ ಮತ್ತು ಗ್ರೇಸ್ ಸಿಕಲ್ಸ್ 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾಕ್ಸ್‌ಸ್ಯಾಕಿ ಎಂಬ ಪುಟ್ಟ ಊರಿನ ಮಕ್ಕಳ ಮಲದಿಂದ ಹೊಸ ವೈರಸ್ಸೊಂದನ್ನು ಬೇರ್ಪಡಿಸಿ ಅದಕ್ಕೆ ಆ ಊರಿನ ಹೆಸರನ್ನೇ ಇಟ್ಟರು. ಅದರ ಬೆನ್ನಿಗೇ ಎಕೋ ವೈರಸ್ಸುಗಳೂ ಬೆಳಕಿಗೆ ಬಂದವು. ಕರುಳಿನಲ್ಲಿ ವೃದ್ಧಿಸುವ ಇವೆಲ್ಲವನ್ನೂ ಪೋಲಿಯೊ ವೈರಸ್ಸಿನೊಂದಿಗೆ ಸೇರಿಸಿ ಎಂಟೆರೊವೈರಸ್ ಎಂಬ ಒಂದೇ ಕುಲವಾಗಿ ಪರಿಗಣಿಸಲಾಗುತ್ತದೆ. ವೈರಲ್ ಮೆನಿಂಜೈಟಿಸ್ಸಿನ ಬಹುಪಾಲು ಪ್ರಕರಣಗಳಿಗೆ ಇಂದಿಗೂ ಕಾರಣ ಈ ಕುಲವೇ.

ಎಂಟೆರೊವೈರಸ್ಸಿನ ದಾರಿ ಮಲದಿಂದ ಬಾಯಿಗೆ. ಸೋಂಕಿತ ಮಗುವಿನ ಗಂಟಲಿನಲ್ಲಿ ಅದು ಒಂದೆರಡು ವಾರ ಮಾತ್ರ ಉಳಿದರೂ ಮಲದಲ್ಲಿ ಹಲವು ವಾರಗಳ ಕಾಲ ಹೊರಬೀಳುತ್ತಲೇ ಇರುತ್ತದೆ, ಮತ್ತು ಸೋಂಕು ತಗುಲಿದ ಬಹುತೇಕರಿಗೆ ಒಂದು ಸಣ್ಣ ಜ್ವರಕ್ಕಿಂತ ಹೆಚ್ಚಿನದೇನೂ ಆಗದಿರುವುದರಿಂದ ಹರಡುವವರಿಗೆ ತಾವು ಹರಡುತ್ತಿದ್ದೇವೆಂಬ ಅರಿವೂ ಇರುವುದಿಲ್ಲ. ಕೊಬ್ಬಿನ ಹೊರಕವಚವಿಲ್ಲದ ವೈರಸ್ ಆದ್ದರಿಂದ ಅದು ಹೊರಗಿನ ವಾತಾವರಣವನ್ನು ಬಹುಕಾಲ ತಾಳಿಕೊಳ್ಳುತ್ತದೆ, ಜಠರದ ಆಮ್ಲಕ್ಕೂ ಬಗ್ಗುವುದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಮದ್ಯಸಾರದ ಸ್ಯಾನಿಟೈಸರ್ ಇದರ ಮೇಲೆ ಸಾಬೂನು ನೀರಿನಷ್ಟು ಪರಿಣಾಮ ಬೀರುವುದಿಲ್ಲ. ನೀರಿನ ಶುದ್ಧತೆಯನ್ನು ಅಳೆಯಲು ಬಳಸುವ ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳಿಗಿಂತ ಕ್ಲೋರಿನ್ನನ್ನು ಈ ವೈರಸ್ ಹೆಚ್ಚು ಹೊತ್ತು ಎದುರಿಸಬಲ್ಲದು. ಆದ್ದರಿಂದ ಬ್ಯಾಕ್ಟೀರಿಯಾ ಪರೀಕ್ಷೆಯಲ್ಲಿ ತೇರ್ಗಡೆಯಾದ ನೀರೆಲ್ಲವೂ ವೈರಸ್‌ಮುಕ್ತವೆಂದು ಹೇಳಲಾಗದು.

ಯಾದಗಿರಿ ಸೀಮೆಯ ಕುಡಿಯುವ ನೀರಿನ ಚರ್ಚೆ ಬಹುಕಾಲ ನೆಲದೊಳಗಿನ ವಿಷದ ಸುತ್ತಲೇ ನಡೆದಿದೆ, ಮತ್ತು ಅದಕ್ಕೆ ಕಾರಣವೂ ಇದೆ. ಹಲವು ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿದೆ. ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದ ನೀರಿನಲ್ಲಿ ಆರ್ಸೆನಿಕ್ ಕಂಡುಬಂದು ಅಲ್ಲಿನ ಜನ ಪಟ್ಟ ಪಾಡು ರಾಜ್ಯದ ಗಮನ ಸೆಳೆದಿತ್ತು. ಇದಕ್ಕೆ ಉತ್ತರವಾಗಿ ಬಂದ ಶುದ್ಧ ಕುಡಿಯುವ ನೀರಿನ ಘಟಕಗಳು ಕೆಟ್ಟು ನಿಲ್ಲದೆ ಕೆಲಸ ಮಾಡಿದಾಗ ವೈರಸ್ಸುಗಳನ್ನೂ ಬಹುಮಟ್ಟಿಗೆ ತಡೆಯುತ್ತವೆ. ಆದರೆ ಘಟಕದ ನಲ್ಲಿಯಿಂದ ತುಂಬಿ ತಂದ ಕ್ಯಾನಿನ ನೀರು ಮನೆಯ ಕೊಡಕ್ಕೆ ಬಿದ್ದು, ಆ ಕೊಡದೊಳಗೆ ದಿನಕ್ಕೆ ಹತ್ತಾರು ಸಲ ಲೋಟ ಹಿಡಿದ ಕೈ ಮುಳುಗಿದರೆ ಘಟಕದ ಶ್ರಮವೆಲ್ಲ ಅಲ್ಲಿಗೇ ಮುಗಿಯುತ್ತದೆ. ಪೈಪು ಒಡೆದು ಚರಂಡಿಯ ನೀರು ಸೇರುವ ಅಪಾಯ ಬೇರೆಯೇ ಇದೆ: 2023ರ ಫೆಬ್ರುವರಿಯಲ್ಲಿ ಗುರುಮಠಕಲ್ ತಾಲ್ಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಹಲವರು ವಾಂತಿಭೇದಿಗೆ ತುತ್ತಾಗಿ ಸಾವುಗಳೂ ಸಂಭವಿಸಿದವು. ಅದು ಮೆನಿಂಜೈಟಿಸ್ ಆಗಿರಲಿಲ್ಲ. ಆದರೆ ವಾಂತಿಭೇದಿಯ ರೋಗಾಣು ಊರಿನೊಳಕ್ಕೆ ಬರುವ ದಾರಿಯೂ ಎಂಟೆರೊವೈರಸ್ ಬರುವ ದಾರಿಯೂ ಒಂದೇ, ಮತ್ತು ಎರಡನೆಯದು ಗುಂಪಾಗಿ ಜನರನ್ನು ಹಾಸಿಗೆ ಹಿಡಿಸದಿರುವುದರಿಂದ ಅದರ ಜಾಡು ಸುಲಭವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪೋಲಿಯೊ ನಿರ್ಮೂಲನೆಗಾಗಿ ಮಕ್ಕಳ ಮಲದ ಮಾದರಿಗಳನ್ನು ಶೀತಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಕಳುಹಿಸುವ ಶಿಸ್ತನ್ನು ಆರೋಗ್ಯ ಇಲಾಖೆ ದಶಕಗಳಿಂದ ರೂಢಿಸಿಕೊಂಡಿದೆ. ಭಾರತದಲ್ಲಿ ವನ್ಯ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಪತ್ತೆಯಾದದ್ದು 2011ರ ಜನವರಿಯಲ್ಲಿ. ಅದೇ ಕುಲದ ಉಳಿದ ವೈರಸ್ಸುಗಳಿಗೂ ಆ ಶಿಸ್ತಿನ ಒಂದಂಶವಾದರೂ ಸಿಗಬೇಕಾದದ್ದು ನ್ಯಾಯ.

ಉಳಿದ ವೈರಸ್ಸುಗಳಲ್ಲಿ ಮಂಗನಬಾವು ಮುಖ್ಯವಾದದ್ದು. ಕೆನ್ನೆಯ ಹಿಂಭಾಗದ ಲಾಲಾಗ್ರಂಥಿ ಊದಿಕೊಳ್ಳುವ ಈ ಕಾಯಿಲೆಯನ್ನು ಬೇವಿನ ಸೊಪ್ಪು ಅರೆದು ಹಚ್ಚಿ ಮರೆತುಬಿಡುವ ರೂಢಿ ಇದ್ದರೂ, ರೋಗಿಗಳಲ್ಲಿ ಶೇ 10ರವರೆಗಿನವರಿಗೆ ಮೆನಿಂಜೈಟಿಸ್ಸಿನ ಲಕ್ಷಣಗಳು ಕಾಣಿಸಿಕೊಳ್ಳಬಹುದು, ಅಪರೂಪಕ್ಕೆ ಕಿವಿಯೂ ಹೋಗಬಹುದು. 2017ರ ಫೆಬ್ರುವರಿಯಲ್ಲಿ ಕರ್ನಾಟಕ ಸೇರಿದಂತೆ ಕೆಲವೇ ರಾಜ್ಯಗಳಲ್ಲಿ ಮೊದಲಾದ ದಡಾರ–ರುಬೆಲ್ಲಾ ಲಸಿಕಾ ಅಭಿಯಾನದಲ್ಲಿ ಮಂಗನಬಾವಿನ ಲಸಿಕೆ ಸೇರಿರಲಿಲ್ಲ, ಸರ್ಕಾರಿ ಲಸಿಕಾ ಪಟ್ಟಿಗೆ ಅದು ಇನ್ನೂ ಸೇರಬೇಕಾಗಿದೆ. ಹರ್ಪಿಸ್ ವೈರಸ್ಸಿನ ಎರಡನೆಯ ಬಗೆಯು ವಯಸ್ಕರಲ್ಲಿ ಮತ್ತೆಮತ್ತೆ ಮರುಕಳಿಸುವ ಮೆನಿಂಜೈಟಿಸ್ಸಿಗೆ ಕಾರಣವಾಗುತ್ತದೆ. ಅದರ ಮೊದಲ ಬಗೆಯು ಮಿದುಳನ್ನೇ ಹಿಡಿದಾಗ ಮಾತ್ರ, ಅಸೈಕ್ಲೋವಿರ್ ಎಂಬ ಔಷಧವನ್ನು ರಕ್ತನಾಳದ ಮೂಲಕ ತಡಮಾಡದೆ ಕೊಟ್ಟರೆ ಜೀವ ಉಳಿಸಬಹುದಾದ ಅಪರೂಪದ ಅವಕಾಶ ವೈದ್ಯರಿಗಿರುತ್ತದೆ. ಸಿಡುಬಿನಂಥ ಗುಳ್ಳೆಗಳ ಸೀತಾಳೆ ಸಿಡುಬು ಮತ್ತು ಸರ್ಪಸುತ್ತಿನ ವೈರಸ್, ಡೆಂಗಿ ವೈರಸ್ ಇವೂ ಪಟ್ಟಿಯಲ್ಲಿವೆ. ನೆರೆಯ ಅಂದಿನ ಆಂಧ್ರಪ್ರದೇಶದಲ್ಲಿ 2003ರಲ್ಲಿ 183 ಮಕ್ಕಳನ್ನು ಬಲಿತೆಗೆದುಕೊಂಡ ಚಾಂದೀಪುರ ವೈರಸ್, ಗೋಡೆಯ ಬಿರುಕುಗಳಲ್ಲಿ ವಾಸಿಸುವ ಮರಳುನೊಣದಿಂದ ಹರಡುವಂಥದು. ತೆಲಂಗಾಣದ ಗಡಿಗೆ ತಾಗಿಕೊಂಡಿರುವ ಯಾದಗಿರಿಯ ವೈದ್ಯರು ಈ ಹೆಸರನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಈ ನೆಲಕ್ಕೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸಿನದು. ಹೆಸರೇ ಹೇಳುವಂತೆ ಅದು ಮುಖ್ಯವಾಗಿ ಮಿದುಳಿನ ಉರಿಯೂತ. ಆದರೆ ಕೆಲವರಲ್ಲಿ ಅದು ಪೊರೆಯ ಉರಿಯೂತವಾಗಿಯೇ ನಿಂತು, ಸಾಮಾನ್ಯ ವೈರಲ್ ಮೆನಿಂಜೈಟಿಸ್ಸಿನಂತೆ ಕಂಡು ಹೋಗುತ್ತದೆ. ನಿಂತ ನೀರಿನ ಭತ್ತದ ಗದ್ದೆಗಳಲ್ಲಿ ಮೊಟ್ಟೆಯಿಡುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆಗಳು ಈ ವೈರಸ್ಸನ್ನು ಬಕ, ಬೆಳ್ಳಕ್ಕಿಗಳಂಥ ನೀರುಹಕ್ಕಿಗಳಿಂದ ಹಂದಿಗಳಿಗೂ, ಹಂದಿಗಳಿಂದ ಮನುಷ್ಯರಿಗೂ ಸಾಗಿಸುತ್ತವೆ. ಹಂದಿಯ ರಕ್ತದಲ್ಲಿ ವೈರಸ್ ಅಪಾರವಾಗಿ ವೃದ್ಧಿಸುತ್ತದೆ. ಮನುಷ್ಯನ ರಕ್ತದಲ್ಲಿ ಸೊಳ್ಳೆಗೆ ಮರಳಿ ದಾಟುವಷ್ಟು ಹೆಚ್ಚುವುದಿಲ್ಲವಾದ್ದರಿಂದ ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡದು. ಸೋಂಕು ತಗುಲಿದವರಲ್ಲಿ ಸುಮಾರು 250ಕ್ಕೆ ಒಬ್ಬರು ಮಾತ್ರ ತೀವ್ರವಾಗಿ ಕಾಯಿಲೆ ಬೀಳುತ್ತಾರೆ, ಆದರೆ ಹಾಗೆ ಬಿದ್ದವರಲ್ಲಿ ಸಾವಿನ ಪ್ರಮಾಣ ಶೇ 30ರವರೆಗೂ ಹೋಗಬಲ್ಲದು.

ಕೃಷ್ಣೆಗೆ ಅಡ್ಡಲಾಗಿ ನಾರಾಯಣಪುರದಲ್ಲಿ ಕಟ್ಟಿದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯೂ ಅದರ ಶಹಾಪುರ, ಮೂಡಬೂಳ ಮುಂತಾದ ಶಾಖೆಗಳೂ ಸುರಪುರ–ಶಹಾಪುರದ ಒಣಭೂಮಿಗೆ ನೀರು ತಂದವು. ಈ ಕಾಲುವೆಗಳನ್ನು ಒಳಗೊಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಆಶಯ ಹೆಚ್ಚಿನ ಭೂಮಿಗೆ ಮಿತನೀರಾವರಿ ಒದಗಿಸುವುದಾಗಿದ್ದರೂ, ಕಾಲುವೆಯ ಮೇಲ್ಭಾಗದ ರೈತರು ಭತ್ತಕ್ಕೆ ತಿರುಗಿದರು. ಆ ತಿರುವಿನಿಂದ ಬದುಕು ಹಸನಾದ ಕುಟುಂಬಗಳು ಸಾವಿರಾರು, ಹಾಗಾಗಿ ಅದನ್ನು ಹಳಿಯುವುದು ಸಲ್ಲದು. ಆದರೆ ಜೋಳದ ಹೊಲದಲ್ಲಿ ಹುಟ್ಟಲಾರದ ಸೊಳ್ಳೆ ಭತ್ತದ ಗದ್ದೆಯಲ್ಲಿ ಹುಟ್ಟುತ್ತದೆಂಬುದನ್ನು ನೀರಾವರಿಯ ಲೆಕ್ಕದಲ್ಲಿ ಯಾರೂ ಬರೆದಿಟ್ಟುಕೊಂಡಂತೆ ಕಾಣುವುದಿಲ್ಲ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ನಡುನಡುವೆ ಆರಲು ಬಿಡುವ ಪದ್ಧತಿ ಮರಿಹುಳುಗಳನ್ನು ಕಡಿಮೆ ಮಾಡುವುದರ ಜೊತೆಗೆ ನೀರನ್ನೂ ಉಳಿಸುತ್ತದೆ, ಕಾಲುವೆಯ ಕೊನೆಯಂಚಿನ ರೈತನಿಗೂ ಅದರಿಂದ ಲಾಭ. ಸುರಪುರದ ಅರಸರ ಕಾಲದ ಬೋನಾಳ ಕೆರೆ ಇಂದು ಪಕ್ಷಿಧಾಮವಾಗಿದ್ದು, ಬಕಗಳೂ ಬೆಳ್ಳಕ್ಕಿಗಳೂ ಅಲ್ಲಿ ನೆಲೆಸಿವೆ ಎಂಬ ಕಾರಣಕ್ಕೆ ಅವನ್ನು ಶತ್ರುಗಳಂತೆ ಕಾಣುವುದು ತಪ್ಪು: ವೈರಸ್ಸಿನ ಸರಪಳಿಯನ್ನು ಮುರಿಯಬೇಕಾದ ಜಾಗ ಊರೊಳಗಿನ ಚರಂಡಿಗಳಲ್ಲಿ ಬಿಡಾಡಿಯಾಗಿ ತಿರುಗುವ ಹಂದಿಗಳ ಬಳಿ ಇದೆ, ಮುಸ್ಸಂಜೆಯಲ್ಲಿ ಹೊರಗೆ ಮಲಗುವ ಮಕ್ಕಳ ಸೊಳ್ಳೆಪರದೆಯಲ್ಲಿದೆ, ಎಲ್ಲಕ್ಕಿಂತ ಮಿಗಿಲಾಗಿ ಲಸಿಕೆಯಲ್ಲಿದೆ.

ಭಾರತದಲ್ಲಿ ಈ ರೋಗ ಮನುಷ್ಯರಲ್ಲಿ ಮೊದಲು ಗುರುತಿಸಲ್ಪಟ್ಟದ್ದು 1955ರಲ್ಲಿ, ವೆಲ್ಲೂರು ಪ್ರದೇಶದಲ್ಲಿ. ಕರ್ನಾಟಕಕ್ಕೆ ಅದರ ನಿಜವಾದ ಪರಿಚಯವಾದದ್ದು 1977ರಿಂದ 1979ರವರೆಗಿನ ಕೋಲಾರದ ಹಾವಳಿಯಲ್ಲಿ. ಮುಂದೆ ಕೋಲಾರದ ರೋಗಿಯೊಬ್ಬರಿಂದ ಬೇರ್ಪಡಿಸಲಾದ ವೈರಸ್ ತಳಿಯನ್ನು ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯು ಕಾಪಾಡಿಕೊಂಡು ಬಂದು, ಅದನ್ನೇ ಆಧರಿಸಿ ಹೈದರಾಬಾದಿನ ಭಾರತ್ ಬಯೋಟೆಕ್ ತಯಾರಿಸಿದ ಜೆನ್‌ವ್ಯಾಕ್ ಲಸಿಕೆ 2013ರಲ್ಲಿ ಬಿಡುಗಡೆಯಾಯಿತು: ಕನ್ನಡ ನಾಡಿನ ಒಂದು ಜಿಲ್ಲೆಯ ಸಂಕಟದಿಂದ ದೇಶದ ಮಕ್ಕಳಿಗೆ ದೊರೆತ ರಕ್ಷೆ ಇದು, ಮತ್ತು ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಲು ತಕ್ಕ ವಿಷಯ. ಜೆನ್‌ವ್ಯಾಕ್‌ಗೂ ಮೊದಲೇ, ಈ ರೋಗದ ಬೇರೊಂದು ಲಸಿಕೆ ಬಳ್ಳಾರಿಗೆ 2006ರಲ್ಲಿ ತಲುಪಿತ್ತು; ಅನಂತರ ರಾಯಚೂರು, ಕೊಪ್ಪಳ, ಮಂಡ್ಯ, ಕೋಲಾರ ಮುಂತಾದ ಜಿಲ್ಲೆಗಳಿಗೂ ಲಸಿಕೆ ಬಂತು. ಕೃಷ್ಣೆಯ ಆಚೆ ದಡದ ರಾಯಚೂರಿಗೆ ಸಿಕ್ಕ ಲಸಿಕೆ ಈಚೆ ದಡದ ಸುರಪುರಕ್ಕೆ ಬರಲು ಕಾಯಬೇಕಾಯಿತು. 2022ರ ಡಿಸೆಂಬರ್ ಅಭಿಯಾನದಲ್ಲಿ ಯಾದಗಿರಿ, ಕಲಬುರಗಿ ಸೇರಿದಂತೆ ಇನ್ನೂ ಹತ್ತು ಜಿಲ್ಲೆಗಳ 1ರಿಂದ 15 ವರ್ಷದ ಸುಮಾರು 48 ಲಕ್ಷ ಮಕ್ಕಳಿಗೆ ಲಸಿಕೆ ಹಾಕುವ ಗುರಿ ಇಟ್ಟುಕೊಳ್ಳಲಾಯಿತು. ವಾಡಿಕೆಯ ಲಸಿಕಾ ವೇಳಾಪಟ್ಟಿಯಲ್ಲಿ ಅದರ ಮೊದಲ ಡೋಸ್ ಒಂಬತ್ತು ತಿಂಗಳು ತುಂಬಿದ ಮೇಲೆ, ಎರಡನೆಯದು 16ರಿಂದ 24 ತಿಂಗಳ ನಡುವೆ. ಗುಳೆ ಹೋದ ಕುಟುಂಬದ ಮಗು ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಈ ಎರಡನೆಯ ಡೋಸನ್ನೇ, ಏಕೆಂದರೆ ಆ ಹೊತ್ತಿಗೆ ಅದು ಮಹಾನಗರದ ಯಾವುದೋ ಕಟ್ಟಡದ ಕೆಲಸದ ಜಾಗದಲ್ಲಿ ತಗಡಿನ ಶೆಡ್ಡಿನಲ್ಲಿರುತ್ತದೆ. ತಾಯಿ ಮಗುವಿನ ಲಸಿಕೆಯ ಕಾರ್ಡನ್ನು ಪಾತ್ರೆ–ಬಟ್ಟೆಗಳ ಗಂಟಿನಲ್ಲಿ ಕಟ್ಟಿಕೊಂಡು ಹೋದರೆ ಯಾವ ಊರಿನ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಬಾಕಿ ಲಸಿಕೆ ಕೇಳುವ ಹಕ್ಕು ಆಕೆಗಿದೆ ಎಂಬುದನ್ನು ಊರು ಬಿಡುವ ಮುನ್ನವೇ ಆಶಾ ಕಾರ್ಯಕರ್ತೆಯರು ಹೇಳಿ ಕಳುಹಿಸಬೇಕು.

ಇನ್ನು ರೋಗನಿರ್ಣಯದ ಮಾತು. “ಬೆನ್ನಾಗಿನ ನೀರು ತಗದ್ರ ನಡಾ ಹೋಗ್ತದ” ಎಂಬ ಭಯ ಈ ಭಾಗದಲ್ಲಿ ಆಳವಾಗಿ ಬೇರೂರಿದ್ದು, ಪರೀಕ್ಷೆಗೆ ಒಪ್ಪದೆ ರೋಗಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವಷ್ಟು ಅದು ಬಲವಾಗಿರುತ್ತದೆ. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಬೆನ್ನೆಲುಬಿನ ಮಟ್ಟದಲ್ಲೇ ಮುಗಿಯುತ್ತದೆ. ಸೂಜಿ ಒಳಹೋಗುವುದು ಅದಕ್ಕಿಂತ ಕೆಳಗೆ, ಮೂರನೆಯ ಮತ್ತು ನಾಲ್ಕನೆಯ ಅಥವಾ ನಾಲ್ಕನೆಯ ಮತ್ತು ಐದನೆಯ ಬೆನ್ನೆಲುಬುಗಳ ನಡುವೆ, ನೀರಿನಲ್ಲಿ ಬಿಡಿಬಿಡಿಯಾಗಿ ತೇಲುವ ನರದೆಳೆಗಳು ಮಾತ್ರ ಇರುವ ಜಾಗದಲ್ಲಿ. ತೆಗೆಯುವ ದ್ರವ ಕೆಲವೇ ಮಿಲಿಲೀಟರ್, ದೇಹವು ಅದನ್ನು ಒಂದೆರಡು ಗಂಟೆಗಳಲ್ಲಿ ತುಂಬಿಕೊಳ್ಳುತ್ತದೆ. ಕೆಲವರಿಗೆ ಒಂದೆರಡು ದಿನ ತಲೆನೋವು, ಸೂಜಿ ಹಾಕಿದ ಜಾಗದಲ್ಲಿ ನೋವು ಉಳಿಯುವುದುಂಟು. ಮಿದುಳಿನೊಳಗಿನ ಒತ್ತಡ ಅತಿಯಾಗಿರುವ ಲಕ್ಷಣಗಳಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ, ಏಕೆಂದರೆ ಆಗ ಈ ಪರೀಕ್ಷೆ ನಿಜವಾಗಿ ಅಪಾಯಕಾರಿಯಾಗಬಲ್ಲದು. ಪರೀಕ್ಷೆಯಾದ ಮೇಲೆ ರೋಗಿಯ ಕಾಲು ಸೋತ ಪ್ರಕರಣವನ್ನು ಊರಿನವರು ನೆನಪಿಸಿಕೊಂಡಾಗ, ಆ ಕಾಲು ಸೋತದ್ದು ಬಹುತೇಕ ಸೂಜಿಯಿಂದಲ್ಲ, ಸೂಜಿಗಿಂತ ಮೊದಲೇ ಒಳಗಿದ್ದ ರೋಗದಿಂದ ಎಂಬುದನ್ನು ತಾಳ್ಮೆಯಿಂದ, ಅವರದೇ ಮಾತಿನಲ್ಲಿ ವಿವರಿಸುವ ಹೊಣೆ ವೈದ್ಯರದು. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ವಿವರಣೆಯಾಗುವುದಿಲ್ಲ.

ಆ ನೀರು ಹೇಳುವುದೇನೆಂದರೆ, ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ ಐದಕ್ಕಿಂತ ಕಡಿಮೆಯಿರುವ ಬಿಳಿಕಣಗಳು ವೈರಲ್ ಮೆನಿಂಜೈಟಿಸ್‌ನಲ್ಲಿ ಹತ್ತಾರರಿಂದ ನೂರಾರಿಗೆ ಏರುತ್ತವೆ, ಅವುಗಳಲ್ಲಿ ಲಿಂಫೋಸೈಟ್ ಎಂಬ ಬಗೆಯವೇ ಹೆಚ್ಚು. ಪ್ರೋಟೀನ್ ತುಸು ಏರುತ್ತದೆ. ಗ್ಲೂಕೋಸ್, ಅಂದರೆ ಸಕ್ಕರೆಯಂಶ, ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್‌ನಲ್ಲಿ ಕಣಗಳು ಸಾಮಾನ್ಯವಾಗಿ ಸಾವಿರ ದಾಟುತ್ತವೆ, ನ್ಯೂಟ್ರೋಫಿಲ್‌ಗಳೇ ಮೇಲುಗೈ ಪಡೆಯುತ್ತವೆ, ಸಕ್ಕರೆ ಕುಸಿಯುತ್ತದೆ, ನೀರು ಕದಡಿದಂತಿರುತ್ತದೆ. ಕ್ಷಯದಲ್ಲಿ ಕಣಗಳ ನೋಟ ವೈರಸ್ಸಿನಂತೆಯೇ ಇದ್ದು ಮೋಸಗೊಳಿಸುತ್ತದೆ, ಆದರೆ ಸಕ್ಕರೆ ಇಳಿದಿರುತ್ತದೆ, ಪ್ರೋಟೀನ್ ಬಹಳ ಏರಿರುತ್ತದೆ. ಬೆನ್ನುನೀರು ತೆಗೆದ ಹೊತ್ತಿನಲ್ಲೇ ರಕ್ತದ ಸಕ್ಕರೆಯನ್ನೂ ಅಳೆಯದಿದ್ದರೆ ಈ ಹೋಲಿಕೆಗೆ ಅರ್ಥವೇ ಇಲ್ಲ. ಚಿಕ್ಕ ಆಸ್ಪತ್ರೆಗಳಲ್ಲಿ ತಪ್ಪಿಹೋಗುವ ಅತಿ ಅಗ್ಗದ, ಅತಿ ಅಗತ್ಯದ ಪರೀಕ್ಷೆ ಇದು. ಮೊದಲ ದಿನವೇ ತೆಗೆದ ಮಾದರಿಯಲ್ಲಿ ವೈರಸ್ಸಿನ ರೋಗದಲ್ಲೂ ನ್ಯೂಟ್ರೋಫಿಲ್‌ಗಳು ಹೆಚ್ಚಿರಬಹುದೆಂಬ ತೊಡಕೂ ಇದೆ.

ಇದಕ್ಕಿಂತ ದೊಡ್ಡ ತೊಡಕು ಅರ್ಧ ಚಿಕಿತ್ಸೆಯದು. ಜ್ವರ ಬಂದ ಮಗುವಿಗೆ ಊರಿನ ಖಾಸಗಿ ವೈದ್ಯರಿಂದಲೋ ಔಷಧದಂಗಡಿಯಿಂದಲೋ ಎರಡು ದಿನ ಆಂಟಿಬಯಾಟಿಕ್ ಕೊಡಿಸಿ, ಮೂರನೆಯ ದಿನ ಪಿಟ್ಸ್ ಬಂದ ಮೇಲೆ ದೊಡ್ಡಾಸ್ಪತ್ರೆಗೆ ತಂದಾಗ, ಬ್ಯಾಕ್ಟೀರಿಯಾ ಬೆನ್ನುನೀರಿನಲ್ಲಿ ಬೆಳೆಯದಷ್ಟು ಕುಗ್ಗಿರುತ್ತದೆ, ಆದರೆ ಸತ್ತಿರುವುದಿಲ್ಲ. ಆಗ ವರದಿ ವೈರಸ್ಸಿನದೆಂಬಂತೆ ಕಾಣುತ್ತದೆ. ಹೀಗಾಗಿ ಕೊಟ್ಟ ಮಾತ್ರೆಯ ಖಾಲಿ ಹಾಳೆಯನ್ನೋ ಚುಚ್ಚುಮದ್ದಿನ ಚೀಟಿಯನ್ನೋ ಆಸ್ಪತ್ರೆಗೆ ತರುವುದು ಬಹಳ ಮುಖ್ಯ, ಮತ್ತು ಸಂದೇಹ ಉಳಿದಾಗ ವೈದ್ಯರು ಬ್ಯಾಕ್ಟೀರಿಯಾದ ಚಿಕಿತ್ಸೆಯನ್ನು ಪೂರ್ತಿಯಾಗಿಯೇ ಕೊಡುವುದು ಅತಿಯಾದ ಎಚ್ಚರಿಕೆ ಎನಿಸಿಕೊಳ್ಳದು. ಜಿಲ್ಲೆಯಲ್ಲಿ ಮಲೇರಿಯಾದ ಇತಿಹಾಸ ಹಳೆಯದಾದ್ದರಿಂದ ಅದರ ರಕ್ತಪರೀಕ್ಷೆಯೂ ಅದೇ ದಿನ ಆಗಬೇಕು. ಹಿಬ್ ಬ್ಯಾಕ್ಟೀರಿಯಾವನ್ನು ತಡೆಯುವ ಪೆಂಟಾವಲೆಂಟ್ ಲಸಿಕೆ, ನ್ಯೂಮೊಕಾಕಸ್ ಲಸಿಕೆ ಇವು ಸರ್ಕಾರಿ ಪಟ್ಟಿಗೆ ಸೇರಿದ ಮೇಲೆ, ಲಸಿಕೆ ಪೂರ್ಣವಾದ ಮಕ್ಕಳಲ್ಲಿ ಮೆನಿಂಜೈಟಿಸ್ ಬಂದರೆ ಅದು ವೈರಸ್ಸಿನದಾಗಿರುವ ಸಾಧ್ಯತೆ ಹೆಚ್ಚುತ್ತದೆ. ಹಾಗಾಗಿ ಮಗುವಿನ ಲಸಿಕೆಯ ಕಾರ್ಡ್ ತುರ್ತು ವಿಭಾಗದಲ್ಲೂ ಬೆಲೆಯುಳ್ಳ ದಾಖಲೆ.

ವೈರಸ್ಸಿನ ಹೆಸರನ್ನೇ ಪತ್ತೆಹಚ್ಚಬೇಕಾದರೆ ಪಿಸಿಆರ್ ಪರೀಕ್ಷೆ ಬೇಕು. ಜಪಾನೀಸ್ ಎನ್ಸೆಫಲೈಟಿಸ್‌ಗೆ ಬೆನ್ನುನೀರಿನಲ್ಲಿನ ಐಜಿಎಂ ಪ್ರತಿಕಾಯದ ಪರೀಕ್ಷೆ ಬೇಕು, ರಕ್ತದಲ್ಲಿನ ಫಲಿತಾಂಶವನ್ನು ಡೆಂಗಿಯೂ ಇತ್ತೀಚಿನ ಲಸಿಕೆಯೂ ಗೊಂದಲಗೊಳಿಸಬಲ್ಲವು. ಇದರಲ್ಲಿ ರಾಜ್ಯಕ್ಕಷ್ಟೇ ಅಲ್ಲದೆ ದೇಶಕ್ಕೂ ಮಾರ್ಗದರ್ಶಿಯಾಗಿರುವುದು ಬೆಂಗಳೂರಿನ ನಿಮ್ಹಾನ್ಸ್‌ನ ನರವೈರಾಣು ವಿಭಾಗ. ಯಾದಗಿರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾಗಿರುವುದು ತೀರಾ ಇತ್ತೀಚೆಗೆ. ಅದಕ್ಕೂ ಮೊದಲು ಗಂಭೀರ ರೋಗಿಗಳಿಗೆ ಕಲಬುರಗಿ ಅಥವಾ ರಾಯಚೂರಿನ ದಾರಿಯೇ ಗತಿಯಾಗಿತ್ತು, ಈಗಲೂ ಎಷ್ಟೋ ಸಲ ಅದೇ ದಾರಿ. ಸುರಪುರದ ಬೆಟ್ಟದ ಸೀಮೆಯ ಹಳ್ಳಿಯಿಂದ ಹೊರಟ ಆಂಬುಲೆನ್ಸು ಕಲಬುರಗಿ ಮುಟ್ಟುವಷ್ಟರಲ್ಲಿ ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ರೋಗಿಯ ಅಮೂಲ್ಯ ಹೊತ್ತು ಕಳೆದಿರುತ್ತದೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯಲ್ಲಿ ಬೆನ್ನುನೀರು ತೆಗೆಯಲಾಗದಿದ್ದರೂ ರಕ್ತದ ಮಾದರಿ ತೆಗೆದಿರಿಸಿ, ಮೊದಲ ಡೋಸ್ ಆಂಟಿಬಯಾಟಿಕ್ಕನ್ನು ರಕ್ತನಾಳಕ್ಕೆ ಕೊಟ್ಟು, ಅದನ್ನು ಚೀಟಿಯಲ್ಲಿ ಗಂಟೆಸಹಿತ ಬರೆದು ಮುಂದಕ್ಕೆ ಕಳುಹಿಸುವುದು ಸರಿಯಾದ ಕ್ರಮ. ಕೊನೆಗೆ ಅದು ವೈರಸ್ಸಿನದೇ ಎಂದು ತಿಳಿದುಬಂದರೂ ಆ ಒಂದು ಡೋಸಿನಿಂದ ಆದ ನಷ್ಟ ಅತ್ಯಲ್ಪ.

ವೈರಸ್ಸೆಂದು ಖಚಿತವಾದ ಮೇಲೆ ಚಿಕಿತ್ಸೆ ಸರಳವಾಗುತ್ತದೆ: ಜ್ವರಕ್ಕೂ ನೋವಿಗೂ ಪ್ಯಾರಾಸಿಟಮಾಲ್, ವಾಂತಿಗೆ ಔಷಧ, ಸಾಕಷ್ಟು ನೀರು, ಮಂದ ಬೆಳಕಿನ ಕೋಣೆ, ನಿದ್ದೆ. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಎಂಟೆರೊವೈರಸ್ಸಿನ ಮೇಲೆ ನೇರವಾಗಿ ಕೆಲಸ ಮಾಡುವ, ಬಳಕೆಗೆ ಮಾನ್ಯತೆ ಪಡೆದ ಔಷಧ ಇನ್ನೂ ಇಲ್ಲ. ಮೂರು ತಿಂಗಳೊಳಗಿನ ಕೂಸುಗಳನ್ನೂ ರೋಗನಿರೋಧಕ ಶಕ್ತಿ ಕುಗ್ಗಿದವರನ್ನೂ ಮಾತ್ರ ಆಸ್ಪತ್ರೆಯಲ್ಲೇ ಇರಿಸಿಕೊಂಡು ಹತ್ತಿರದಿಂದ ನೋಡಿಕೊಳ್ಳಬೇಕಾಗುತ್ತದೆ. ಮನೆಗೆ ಮರಳಿದ ವಯಸ್ಕರಲ್ಲಿ ಹಲವರಿಗೆ ವಾರಗಟ್ಟಲೆ ತಲೆನೋವು, ಬೇಗನೆ ಆಯಾಸ, ಮನಸ್ಸು ಒಂದೆಡೆ ನಿಲ್ಲದಿರುವುದು ಉಳಿಯುತ್ತದೆ, ಹತ್ತಿ ಬಿಡಿಸುವ ಕೆಲಸಕ್ಕೆ ಮರುದಿನವೇ ಹೊರಡಬೇಕಾದ ಮಹಿಳೆಗೆ ಈ ದಣಿವು ಸೋಮಾರಿತನವಲ್ಲವೆಂದು ಮನೆಯವರಿಗೆ ಹೇಳುವವರು ಬೇಕು. ಶಾಲೆಗೆ ಹೋಗುವ ಮಗುವಿಗೆ ಪಾಠ ಹಿಂದೆ ಬೀಳುವುದು ಕೆಲಕಾಲ ಸಹಜ; ಮಂಗನಬಾವಿನ ನಂತರದ ಮೆನಿಂಜೈಟಿಸ್ ಆಗಿದ್ದರೆ ಕಿವಿಯ ಪರೀಕ್ಷೆಯನ್ನೂ ಒಮ್ಮೆ ಮಾಡಿಸಬೇಕು. ಜ್ವರ ಬಿಟ್ಟ ಮೇಲೂ ಹಲವು ವಾರ ಮಗುವಿನ ಮಲದಲ್ಲಿ ವೈರಸ್ ಇರುವುದರಿಂದ, ಆ ಅವಧಿಯಲ್ಲಿ ಮಗುವಿನ ಮಲವನ್ನು ಶೌಚಾಲಯಕ್ಕೇ ಹಾಕುವುದು, ಮಗುವನ್ನು ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆದುಕೊಳ್ಳುವುದು, ಕೊಡದಿಂದ ನೀರು ತೆಗೆಯಲು ಉದ್ದ ಹಿಡಿಯ ಸೌಟನ್ನು ಬೇರೆಯಾಗಿಯೇ ಇಡುವುದು ಆ ಮನೆಯ ಕೂಸುಗಳನ್ನೂ ಪಕ್ಕದ ಮನೆಯ ಕೂಸುಗಳನ್ನೂ ಕಾಯುತ್ತದೆ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಈ ಮೂರನ್ನೂ ಕನ್ನಡದಲ್ಲಿ ಬರೆದುಕೊಡಲು ಹೆಚ್ಚಿನ ಖರ್ಚೇನೂ ಆಗುವುದಿಲ್ಲ.